ಮೆದುಳಿನ ರಕ್ತನಾಳ ಚಿಕಿತ್ಸಕರ ಅರ್ಹತೆ: ಪದವಿ, ಫೆಲೋಶಿಪ್, ಲಾಗ್‌ಬುಕ್ – ಯಾವುದಕ್ಕೆ ಎಷ್ಟು ತೂಕ?

ಆಸ್ಪತ್ರೆಯೊಂದು ಬೈಪ್ಲೇನ್ ಕ್ಯಾಥ್‌ಲ್ಯಾಬ್ (ರಕ್ತನಾಳಗಳನ್ನು ಎರಡು ಕೋನಗಳಿಂದ ಒಟ್ಟಿಗೆ ತೋರಿಸುವ ಎಕ್ಸ್-ರೇ ಯಂತ್ರ) ಕೊಳ್ಳಲು ಹೊರಟರೆ ತಿಂಗಳುಗಟ್ಟಲೆ ಕೊಟೇಶನ್‌ಗಳನ್ನು ಹೋಲಿಸುತ್ತದೆ, ಎಂಜಿನಿಯರ್‌ಗಳನ್ನು ಕರೆಸಿ ವಿಚಾರಿಸುತ್ತದೆ, ಬೇರೆ ಊರಿನ ಯಂತ್ರಗಳನ್ನು ನೋಡಿಕೊಂಡು ಬರುತ್ತದೆ. ಆ ಯಂತ್ರದ ಮುಂದೆ ನಿಂತು ಮೆದುಳಿನ ರಕ್ತನಾಳದೊಳಗೆ ತಂತಿ ತೂರಿಸುವ ವೈದ್ಯರ ಕಡತವನ್ನು ಮಾತ್ರ ಹಲವು ಕಡೆ ಒಂದೇ ಸಭೆಯಲ್ಲಿ ನೋಡಿ ಮುಗಿಸುತ್ತಾರೆ. ಈ ಮಾರ್ಗದರ್ಶಿ ಆ ಕಡತವನ್ನು ಓದಬೇಕಾದವರಿಗಾಗಿ, ಅಂದರೆ ಆಸ್ಪತ್ರೆಯ ಅರ್ಹತಾ ಸಮಿತಿಯ ಸದಸ್ಯರಿಗಾಗಿ ಬರೆದದ್ದು. ಮುಂದೆ ಇಂಥದೇ ಕಡತವನ್ನು ಸಮಿತಿಯ ಮುಂದಿಡಲಿರುವ ಕಿರಿಯ ವೈದ್ಯರಿಗೂ ಇದು ಉಪಯೋಗಕ್ಕೆ ಬರಬಹುದು.

ಸಮಿತಿಯ ಕೆಲಸದಲ್ಲಿ ಎರಡು ಹಂತಗಳಿವೆ. ಮೊದಲನೆಯದು ಕ್ರೆಡೆನ್ಶಿಯಲಿಂಗ್: ಪದವಿ, ನೋಂದಣಿ, ತರಬೇತಿ, ಅನುಭವ ಇವು ನಿಜವೇ ಎಂದು ಅವನ್ನು ಕೊಟ್ಟ ಮೂಲ ಸಂಸ್ಥೆಯಿಂದಲೇ ಖಚಿತಪಡಿಸಿಕೊಳ್ಳುವುದು. ಎರಡನೆಯದು ಪ್ರಿವಿಲೇಜಿಂಗ್: ಆ ವೈದ್ಯರು ಈ ಆಸ್ಪತ್ರೆಯಲ್ಲಿ ಯಾವ ಯಾವ ಪ್ರೊಸೀಜರ್ ಮಾಡಬಹುದು, ಯಾವುದನ್ನು ಮಾಡಬಾರದು ಎಂದು ಬರೆದು ಕೊಡುವುದು. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಭಾರತದ ಎನ್‌ಎಬಿಎಚ್ ಮಾನದಂಡಗಳೂ ಅಂತರರಾಷ್ಟ್ರೀಯ ಜೆಸಿಐ ಮಾನದಂಡಗಳೂ ಎರಡನ್ನೂ ಕೇಳುತ್ತವೆ. ಆದರೆ ಆಚರಣೆಯಲ್ಲಿ ಮೊದಲನೆಯದು ಮುಗಿದರೆ ಎರಡನೆಯದೂ ತಾನಾಗಿ ಆಯಿತೆಂದು ಭಾವಿಸುವುದು ಸಾಮಾನ್ಯವಾಗಿದೆ. ಈ ಕ್ಷೇತ್ರದಲ್ಲಿ ಹಾಗೆ ಭಾವಿಸುವುದು ಅಪಾಯ. ಒಡೆದ ಅನ್ಯೂರಿಸಂಗೆ (ರಕ್ತನಾಳದ ಗೋಡೆಯ ಗುಳ್ಳೆಯಂಥ ಉಬ್ಬಿಗೆ) ಒಳಗಿನಿಂದ ಕಾಯಿಲ್, ಅಂದರೆ ಸಣ್ಣ ಲೋಹದ ಸುರುಳಿ, ತುಂಬುವುದು, ಪಾರ್ಶ್ವವಾಯುವಿಗೆ ಕಾರಣವಾದ ಹೆಪ್ಪನ್ನು ಎಳೆದು ತೆಗೆಯುವುದು, ಎವಿಎಂಗೆ, ಅಂದರೆ ಧಮನಿ-ಸಿರೆಗಳ ಅಸಹಜ ಗಂಟಿಗೆ, ದ್ರವ ಅಂಟನ್ನು ಹಾಯಿಸುವುದು, ತಲೆಬುರುಡೆ ತೆರೆದು ಅನ್ಯೂರಿಸಂನ ಬುಡಕ್ಕೆ ಕ್ಲಿಪ್ ಹಾಕುವುದು – ಇವೆಲ್ಲ ಒಂದೇ ವಿಭಾಗದ ಫಲಕದ ಕೆಳಗೆ ನಡೆದರೂ ಒಂದರ ಕೈಚಳಕ ಇನ್ನೊಂದಕ್ಕೆ ತಾನಾಗಿ ಬರುವುದಿಲ್ಲ.

ಪದವಿಯ ದಾರಿ

ಭಾರತದಲ್ಲಿ ಮೂರು ಮೂಲ ಶಾಖೆಗಳಿಂದ ಈ ಕೆಲಸಕ್ಕೆ ಬರುತ್ತಾರೆ. ಜನರಲ್ ಸರ್ಜರಿಯ ಎಂಎಸ್ ಮುಗಿಸಿ ಮೂರು ವರ್ಷದ ಎಂಸಿಎಚ್ ನ್ಯೂರೋಸರ್ಜರಿ ಮಾಡಿದವರು, ಎಂಡಿ ನಂತರ ನ್ಯೂರಾಲಜಿಯ ಡಿಎಂ ಮಾಡಿದವರು, ಹಾಗೂ ರೇಡಿಯಾಲಜಿಯ ಎಂಡಿ ನಂತರ ನ್ಯೂರೋರೇಡಿಯಾಲಜಿಯ ಡಿಎಂ ಮಾಡಿದವರು. ಕೊನೆಯ ಪದವಿಯ ಹೆಸರು ಸಂಸ್ಥೆಯಿಂದ ಸಂಸ್ಥೆಗೆ ಸ್ವಲ್ಪ ಬೇರೆಯಾಗಿರುತ್ತದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಪದವಿಯ ಹೆಸರಿನಲ್ಲೇ ನ್ಯೂರೋಇಮೇಜಿಂಗ್ ಮತ್ತು ಇಂಟರ್‌ವೆನ್ಷನಲ್ ನ್ಯೂರೋರೇಡಿಯಾಲಜಿ (ರಕ್ತನಾಳದೊಳಗೆ ಕ್ಯಾಥೆಟರ್ ಎಂಬ ಸಣ್ಣ ಕೊಳವೆ ತೂರಿಸಿ ಮಾಡುವ ಚಿಕಿತ್ಸೆ) ಎರಡೂ ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ದೆಹಲಿಯ ಏಮ್ಸ್‌ನಲ್ಲಿಯೂ ಇದೇ ಕ್ಷೇತ್ರದ ಡಿಎಂ ಇದೆ. ಈ ಸಂಸ್ಥೆಗಳಿಗೆ ಪ್ರವೇಶ ಐಎನ್‌ಐ-ಎಸ್‌ಎಸ್ ಪರೀಕ್ಷೆಯ ಮೂಲಕ, ಉಳಿದ ಕಾಲೇಜುಗಳ ಸೂಪರ್ ಸ್ಪೆಷಾಲಿಟಿ ಸೀಟುಗಳಿಗೆ ನೀಟ್-ಎಸ್‌ಎಸ್ ಮೂಲಕ.

ಪದವಿಯ ದೊಡ್ಡ ಬಲವೆಂದರೆ ಅದರ ಕಾನೂನುಬದ್ಧ ನೆಲೆ. ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಅದನ್ನು ಹೆಚ್ಚುವರಿ ಅರ್ಹತೆಯಾಗಿ ದಾಖಲಿಸಬಹುದು, ವಿಶ್ವವಿದ್ಯಾಲಯ ಅಥವಾ ಸಂಸ್ಥೆಗೆ ಪತ್ರ ಬರೆದರೆ ಸತ್ಯಾಸತ್ಯತೆ ತಿಳಿಯುತ್ತದೆ, ಹೊರಗಿನ ಪರೀಕ್ಷಕರು ಬಂದು ಪರೀಕ್ಷೆ ಮಾಡಿರುತ್ತಾರೆ. ಅದರ ಮಿತಿಯೂ ಅಲ್ಲೇ ಇದೆ. ಕೌನ್ಸಿಲ್ ಪದವಿಯನ್ನು ದಾಖಲಿಸುತ್ತದೆಯೇ ಹೊರತು ಒಂದೊಂದು ಪ್ರೊಸೀಜರ್‌ಗೂ ಬೇರೆ ಬೇರೆ ಪರವಾನಗಿ ಕೊಡುವುದಿಲ್ಲ. ಎಂಸಿಎಚ್ ಮುಗಿಸಿದ ನರಶಸ್ತ್ರಚಿಕಿತ್ಸಕರು ಗಡ್ಡೆ, ಬೆನ್ನುಮೂಳೆ, ತಲೆಗೆ ಬಿದ್ದ ಪೆಟ್ಟು ಎಲ್ಲವನ್ನೂ ಕಲಿತಿರುತ್ತಾರೆ. ಆದರೆ ಕ್ಯಾಥೆಟರ್ ಕೆಲಸವನ್ನು ಅವರು ಎಷ್ಟು ಮಾಡಿದ್ದಾರೆ ಎಂಬುದು ಅವರು ಕಲಿತ ವಿಭಾಗದ ಪದ್ಧತಿಯನ್ನು ಅವಲಂಬಿಸಿರುತ್ತದೆ. ನ್ಯೂರಾಲಜಿಯ ಡಿಎಂಗೂ ಇದೇ ಮಾತು ಅನ್ವಯಿಸುತ್ತದೆ. ಮೂರರಲ್ಲಿ ಇಂಟರ್‌ವೆನ್ಷನ್ ಅನ್ನು ಪಠ್ಯದ ಮುಖ್ಯ ಭಾಗವಾಗಿ ಒಳಗೊಂಡಿರುವುದು ನ್ಯೂರೋರೇಡಿಯಾಲಜಿಯ ಡಿಎಂ ಒಂದೇ, ಮತ್ತು ಅದರ ಸೀಟುಗಳು ಬಹಳ ಕಡಿಮೆ. ಹಾಗಾಗಿ ಸಮಿತಿಯ ಮುಂದೆ ಬರುವ ಅನೇಕ ಕಡತಗಳಲ್ಲಿ ಪದವಿಯ ಮೇಲೆ ಇನ್ನೊಂದು ಪದರ ಬೇಕಾಗುತ್ತದೆ.

ಫೆಲೋಶಿಪ್: ಒಂದೇ ಹೆಸರು, ನಾಲ್ಕು ಬಗೆ

ಆ ಪದರದ ಹೆಸರು ಫೆಲೋಶಿಪ್. ಆದರೆ ಈ ಒಂದು ಹೆಸರಿನಡಿ ಬಹಳ ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ರಾಷ್ಟ್ರೀಯ ಪರೀಕ್ಷಾ ಮಂಡಳಿ, ಅಂದರೆ ಎನ್‌ಬಿಇಎಂಎಸ್, ನಡೆಸುವ ಎಫ್‌ಎನ್‌ಬಿ ಫೆಲೋಶಿಪ್‌ಗಳ ಪಟ್ಟಿಯಲ್ಲಿ ನ್ಯೂರೋವ್ಯಾಸ್ಕ್ಯುಲರ್ ಇಂಟರ್‌ವೆನ್ಷನ್ ಎಂಬ ವಿಷಯವಿದೆ. ಇದಕ್ಕೆ ಪ್ರವೇಶ ಪರೀಕ್ಷೆಯೂ ಇದೆ, ಕೊನೆಯಲ್ಲಿ ನಿರ್ಗಮನ ಪರೀಕ್ಷೆಯೂ ಇದೆ, ಕಲಿಸುವ ಆಸ್ಪತ್ರೆ ಮಂಡಳಿಯ ಮಾನ್ಯತೆ ಪಡೆದಿರಬೇಕು. ಎರಡನೆಯ ಬಗೆ ಶ್ರೀ ಚಿತ್ರಾದಂಥ ರಾಷ್ಟ್ರೀಯ ಮಹತ್ವದ ಸಂಸ್ಥೆಗಳು ತಾವೇ ಕೊಡುವ ಪೋಸ್ಟ್ ಡಾಕ್ಟರಲ್ ಫೆಲೋಶಿಪ್. ಮೂರನೆಯದು ಖಾಸಗಿ ಆಸ್ಪತ್ರೆಯೊಂದರ ಹಿರಿಯ ವೈದ್ಯರ ಬಳಿ ಒಂದೆರಡು ವರ್ಷ ದುಡಿದು ಪಡೆದ ಪತ್ರ. ನಾಲ್ಕನೆಯದು ಕೆಲವೇ ವಾರಗಳ ಕಾರ್ಯಾಗಾರ, ಅಥವಾ ಸ್ಟೆಂಟ್ ತಯಾರಿಸುವ ಕಂಪನಿಯ ತರಬೇತಿ.

ನನ್ನ ಅಭಿಪ್ರಾಯದಲ್ಲಿ ಮೊದಲ ಎರಡು ಬಗೆಗಳನ್ನು ಸಮಿತಿ ಸಮಾನವಾಗಿ ಕಾಣಬಹುದು. ಹೊರಗಿನ ಪರೀಕ್ಷೆ ಇರುವುದರಿಂದ ಎಫ್‌ಎನ್‌ಬಿಗೆ ಪರಿಶೀಲನೆಯ ಸೌಲಭ್ಯ ಸ್ವಲ್ಪ ಹೆಚ್ಚು, ಕೇಸ್‌ಗಳ ವೈವಿಧ್ಯ ದೊಡ್ಡ ಸರ್ಕಾರಿ ಸಂಸ್ಥೆಗಳಲ್ಲಿ ಹೆಚ್ಚು. ಮೂರನೆಯ ಬಗೆಯನ್ನು ಹಗುರವಾಗಿ ತಳ್ಳಿಹಾಕಬಾರದು. ನಮ್ಮಲ್ಲಿ ಈ ಕ್ಷೇತ್ರವನ್ನು ಕಟ್ಟಿದ ಹಲವು ಹಿರಿಯರು ಯಾವ ಮಾನ್ಯ ಫೆಲೋಶಿಪ್ಪೂ ಇಲ್ಲದ ಕಾಲದಲ್ಲಿ ಹೀಗೆಯೇ ಕಲಿತವರು. ಆದರೆ ಇಂಥ ಪತ್ರದ ತೂಕ ಪೂರ್ತಿ ಲಾಗ್‌ಬುಕ್‌ನ, ಅಂದರೆ ಮಾಡಿದ ಕೇಸ್‌ಗಳ ದಾಖಲೆಯ, ಮೇಲೆ ನಿಂತಿರುತ್ತದೆ. ನಾಲ್ಕನೆಯದನ್ನು ಅರ್ಹತೆಯ ಅಂಕಣದಲ್ಲಿ ಬರೆಯಲೇಬಾರದು. ಕಂಪನಿಯ ತರಬೇತಿ ಒಂದು ಉಪಕರಣವನ್ನು ಹೇಗೆ ಬಿಚ್ಚಬೇಕು, ಹೇಗೆ ನಿಲ್ಲಿಸಬೇಕು ಎಂದು ಹೇಳಿಕೊಡುತ್ತದೆ, ಆ ಮಟ್ಟಿಗೆ ಅದು ಅಗತ್ಯವೂ ಹೌದು. ಯಾವ ರೋಗಿಗೆ ಅದನ್ನು ಹಾಕಬಾರದು ಎಂಬುದನ್ನು ಕಲಿಸುವ ಆಸಕ್ತಿ ಮಾರುವವರಿಗೆ ಇರುತ್ತದೆಂದು ನಿರೀಕ್ಷಿಸುವುದು ಸರಿಯಲ್ಲ.

ಹೊರದೇಶದ ಪ್ರಮಾಣಪತ್ರಗಳನ್ನು ಓದುವ ಬಗೆ

ಅಮೆರಿಕದಿಂದ ಮರಳಿದ ವೈದ್ಯರ ಕಡತದಲ್ಲಿ ಕಾಸ್ಟ್ ಎಂಬ ಹೆಸರು ಕಾಣಬಹುದು. ಅಲ್ಲಿನ ಸೊಸೈಟಿ ಆಫ್ ನ್ಯೂರಲಾಜಿಕಲ್ ಸರ್ಜನ್ಸ್‌ನ ಉನ್ನತ ಉಪವಿಶೇಷ ತರಬೇತಿ ಸಮಿತಿ ಇದು. ಫೆಲೋಶಿಪ್ ಕಾರ್ಯಕ್ರಮಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವುದರ ಜೊತೆಗೆ, ತರಬೇತಿ ಮುಗಿಸಿದ ವ್ಯಕ್ತಿಗೂ ನ್ಯೂರೋಎಂಡೋವ್ಯಾಸ್ಕ್ಯುಲರ್ ಸರ್ಜರಿಯ ಪ್ರಮಾಣಪತ್ರ ಕೊಡುತ್ತದೆ. ಹೆಸರಿನಲ್ಲಿ ಶಸ್ತ್ರಚಿಕಿತ್ಸೆ ಇದ್ದರೂ ನರಶಸ್ತ್ರಚಿಕಿತ್ಸಕರು, ನ್ಯೂರಾಲಜಿಸ್ಟರು, ರೇಡಿಯಾಲಜಿಸ್ಟರು ಮೂವರಿಗೂ ಅದು ತೆರೆದಿದೆ. ಕಾಸ್ಟ್ ಈ ಕೆಲಸಕ್ಕೆ ಇಳಿಯುವ ಮೊದಲು, 2000ದಲ್ಲಿಯೇ, ಅಲ್ಲಿನ ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣದ ಮಾನ್ಯತಾ ಮಂಡಳಿ ಎಸಿಜಿಎಂಇ ಇದೇ ಕ್ಷೇತ್ರಕ್ಕೆ ನಿಯಮಾವಳಿ ರೂಪಿಸಿತ್ತು. ಆದರೆ ಅದರಡಿ ಮಾನ್ಯತೆ ಪಡೆಯಲು ಮುಂದೆ ಬಂದ ಕಾರ್ಯಕ್ರಮಗಳು ಕೆಲವೇ. ಹೆಚ್ಚಿನ ಫೆಲೋಶಿಪ್‌ಗಳು ಅದರ ಹೊರಗೇ ನಡೆದವು. ಆದ್ದರಿಂದ ಆ ಕಾಲದ ಅಮೆರಿಕನ್ ಫೆಲೋಶಿಪ್‌ಗೆ ಎಸಿಜಿಎಂಇ ಮುದ್ರೆ ಇಲ್ಲವೆಂದ ಮಾತ್ರಕ್ಕೆ ಅದು ಕಳಪೆಯೆಂದು ತಿಳಿಯಬಾರದು.

ಬ್ರಿಟನ್ನಿನ ಕ್ರಮ ಬೇರೆ. ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್, ತೀವ್ರ ಪಾರ್ಶ್ವವಾಯುವಿನ ಇಂಟರ್‌ವೆನ್ಷನ್‌ಗೆಂದೇ ಪ್ರತ್ಯೇಕ ಕ್ರೆಡೆನ್ಶಿಯಲ್ ಒಂದನ್ನು ಒಪ್ಪಿದೆ; ಅದರ ಪಠ್ಯಕ್ರಮ ರಾಯಲ್ ಕಾಲೇಜ್ ಆಫ್ ರೇಡಿಯಾಲಜಿಸ್ಟ್ಸ್‌ನದು. ಇದನ್ನು ಓದುವಾಗ ಒಂದು ಎಚ್ಚರಿಕೆ ಬೇಕು. ಅದು ಹೆಪ್ಪು ತೆಗೆಯುವ ಥ್ರಾಂಬೆಕ್ಟಮಿಗೆ ಸಂಬಂಧಿಸಿದ್ದು. ಅದನ್ನು ತೋರಿಸಿ ಅನ್ಯೂರಿಸಂ ಕಾಯಿಲಿಂಗ್‌ಗೆ ಅನುಮತಿ ಕೇಳಿದರೆ ಬೇರೆ ಪುರಾವೆ ಬೇಕಾಗುತ್ತದೆ. ಯುರೋಪಿನಲ್ಲಿ ಎಸ್ಮಿಂಟ್ ಸಂಘದ ನ್ಯೂರೋಇಂಟರ್‌ವೆನ್ಷನ್ ಡಿಪ್ಲೊಮಾ ಇದೆ. ಜಪಾನಿನಲ್ಲಿ ನ್ಯೂರೋಎಂಡೋವ್ಯಾಸ್ಕ್ಯುಲರ್ ಚಿಕಿತ್ಸಾ ಸಂಘವೇ ತಜ್ಞರು ಮತ್ತು ಬೋಧಕ ತಜ್ಞರು ಎಂದು ಎರಡು ಮಟ್ಟದಲ್ಲಿ ಪ್ರಮಾಣೀಕರಿಸುತ್ತದೆ, ಮತ್ತು ಅಲ್ಲಿ ಈ ಕೆಲಸ ಮಾಡುವವರಲ್ಲಿ ಹೆಚ್ಚಿನವರು ನರಶಸ್ತ್ರಚಿಕಿತ್ಸಕರು.

ಹೊರದೇಶದ ಯಾವ ಪತ್ರವನ್ನೇ ನೋಡಲಿ, ಸಮಿತಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಆ ದೇಶದಲ್ಲಿ ರೋಗಿಯನ್ನು ಮುಟ್ಟುವ ನೋಂದಣಿ ಇವರಿಗೆ ಇತ್ತೇ? ತಾತ್ಕಾಲಿಕವೋ ಸೀಮಿತವೋ ಆದ ನೋಂದಣಿ ಇಲ್ಲದಿದ್ದರೆ ಅದು ಅಬ್ಸರ್ವರ್‌ಶಿಪ್, ಅಂದರೆ ಗಾಜಿನ ಈಚೆ ನಿಂತು ನೋಡಿದ್ದು. ಹೆಸರಾಂತ ಆಸ್ಪತ್ರೆಯ ಲಾಂಛನವಿರುವ ಕಾಗದದಲ್ಲಿ ಈ ವ್ಯತ್ಯಾಸ ಸುಲಭವಾಗಿ ಮರೆಯಾಗುತ್ತದೆ.

ಲಾಗ್‌ಬುಕ್: ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಕಡೆ

ಪದವಿ ಮತ್ತು ಫೆಲೋಶಿಪ್ ಎರಡೂ ಸರಿಯಿದ್ದ ಮೇಲೆ ಉಳಿಯುವುದು ಕೈಯಿಂದ ಮಾಡಿದ ಕೆಲಸದ ಲೆಕ್ಕ. ಒಟ್ಟು ಸಂಖ್ಯೆಯನ್ನು ನೋಡಿ ಒಪ್ಪುವುದು ಸುಲಭ, ಅದರಿಂದ ತಿಳಿಯುವುದು ಕಡಿಮೆ. ‘ಐನೂರು ಕೇಸ್’ ಎಂದು ಬರೆದ ಕಡತದಲ್ಲಿ ಬಹುಪಾಲು ರೋಗನಿದಾನಕ್ಕಾಗಿ ರಕ್ತನಾಳಗಳ ಚಿತ್ರ ತೆಗೆಯುವ ಡಿಎಸ್‌ಎ ಇರಬಹುದು. ಚಿಕಿತ್ಸೆಯ ಕೇಸ್‌ಗಳಲ್ಲಿ ಬಹುಪಾಲು ಸಹಾಯಕರಾಗಿ ನಿಂತದ್ದಿರಬಹುದು. ಆದ್ದರಿಂದ ಪ್ರತಿ ಕೇಸ್‌ಗೂ ದಿನಾಂಕ, ರೋಗನಿರ್ಣಯ, ಪ್ರೊಸೀಜರ್, ಉಪಕರಣ, ಅರ್ಜಿದಾರರ ಪಾತ್ರ, ಫಲಿತಾಂಶ ಇವು ಇರಬೇಕು. ರೋಗಿಯ ಹೆಸರು ಇರಬಾರದು. ಮೇಲ್ವಿಚಾರಕರ ಸಹಿ ಇರಬೇಕು. ಪಾತ್ರದ ಅಂಕಣದಲ್ಲಿ ಮೊದಲ ಆಪರೇಟರ್ ಎಂದು ಬರೆದಿದ್ದರೆ ಅದರ ಅರ್ಥವೇನೆಂದು ಮೇಲ್ವಿಚಾರಕರಿಗೆ ಫೋನ್ ಮಾಡಿಯೇ ಕೇಳಬೇಕು. ಕೆಲವು ವಿಭಾಗಗಳಲ್ಲಿ ತೊಡೆಯ ಧಮನಿಗೆ ಸೂಜಿ ಹಾಕಿ ಗೈಡ್ ಕ್ಯಾಥೆಟರನ್ನು ಕುತ್ತಿಗೆಯವರೆಗೆ ಒಯ್ದವರನ್ನೂ ಹಾಗೆ ಕರೆಯುತ್ತಾರೆ. ಅನ್ಯೂರಿಸಂನ ಒಳಗೆ ಮೈಕ್ರೋಕ್ಯಾಥೆಟರ್ ನಿಲ್ಲಿಸಿ ಮೊದಲ ಕಾಯಿಲ್ ಬಿಟ್ಟವರು ಯಾರು ಎಂಬುದೇ ನಿಜವಾದ ಪ್ರಶ್ನೆ.

ಕನಿಷ್ಠ ಸಂಖ್ಯೆ ಎಷ್ಟಿರಬೇಕು? ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಅಮೆರಿಕದ ಜಾಯಿಂಟ್ ಕಮಿಷನ್ ಥ್ರಾಂಬೆಕ್ಟಮಿ ಕೇಂದ್ರಗಳಿಗಾಗಿ 2018ರ ಸುಮಾರಿಗೆ ರೂಪಿಸಿದ ಮಾನದಂಡದಲ್ಲಿ ಒಬ್ಬ ವೈದ್ಯರು 12 ತಿಂಗಳಲ್ಲಿ 15 ಅಥವಾ 24 ತಿಂಗಳಲ್ಲಿ 30 ಥ್ರಾಂಬೆಕ್ಟಮಿ ಮಾಡಿರಬೇಕೆಂಬ ಅಂಕಿಯಿತ್ತು, ಅದರ ಸುತ್ತ ಅಲ್ಲೇ ದೊಡ್ಡ ವಾದವಿವಾದ ನಡೆಯಿತು. 2016ರಲ್ಲಿ ಹಲವು ದೇಶಗಳ ವೃತ್ತಿಸಂಘಗಳು ಸೇರಿ ಹೊರತಂದ ಒಮ್ಮತದ ದಾಖಲೆ, ಮೂಲ ಶಾಖೆ ಯಾವುದೇ ಇರಲಿ, ಮೀಸಲು ನ್ಯೂರೋಇಂಟರ್‌ವೆನ್ಷನ್ ತರಬೇತಿ ಬೇಕು, ಅದು ಕನಿಷ್ಠ ಒಂದು ವರ್ಷದ್ದಾಗಿದ್ದರೆ ಒಳಿತು ಎಂದಿತು. ನಮ್ಮ ಸಮಿತಿಗಳು ಈ ಅಂಕಿಗಳನ್ನು ಕೆಳಗಿನ ಗಡಿಯಾಗಿ ಇಟ್ಟುಕೊಳ್ಳಬಹುದು. ಆದರೆ 15ನ್ನು ದಾಟಿದವರು ಪರಿಣತರು, 14ಕ್ಕೆ ನಿಂತವರು ಅಲ್ಲ ಎಂಬ ಲೆಕ್ಕಕ್ಕೆ ಇಳಿಯಬಾರದು.

ಫಲಿತಾಂಶದ ಅಂಕಣವನ್ನು ಓದುವಾಗ ಇನ್ನೂ ಹೆಚ್ಚಿನ ತಾಳ್ಮೆ ಬೇಕು. ಒಬ್ಬರು ‘ಮೂವತ್ತು ಕಾಯಿಲಿಂಗ್, ಒಂದೂ ತೊಡಕಿಲ್ಲ’ ಎಂದು ಬರೆದಿದ್ದಾರೆ ಎಂದುಕೊಳ್ಳೋಣ. ಸಂಖ್ಯಾಶಾಸ್ತ್ರದಲ್ಲಿ ಒಂದು ಸರಳ ಲೆಕ್ಕವಿದೆ: ಒಂದೂ ತೊಡಕು ಕಾಣದಿದ್ದಾಗ 3ನ್ನು ಕೇಸ್‌ಗಳ ಸಂಖ್ಯೆಯಿಂದ ಭಾಗಿಸಿದರೆ ನಿಜವಾದ ತೊಡಕಿನ ಪ್ರಮಾಣದ ಮೇಲ್ಮಿತಿ, ಶೇ. 95ರ ವಿಶ್ವಾಸದಲ್ಲಿ, ಸುಮಾರಾಗಿ ದೊರೆಯುತ್ತದೆ. ಮೂವತ್ತಕ್ಕೆ ಅದು ಶೇ. 10. ಅಂದರೆ ಹತ್ತರಲ್ಲಿ ಒಬ್ಬರಿಗೆ ತೊಡಕು ತರುವ ಕೈ ಕೂಡ ಅದೃಷ್ಟವಿದ್ದರೆ ಇಂಥ ದಾಖಲೆಯನ್ನು ಕೊಡಬಲ್ಲದು. ಇದೇ ಕಾರಣಕ್ಕೆ, ಇಪ್ಪತ್ತು ಕೇಸ್‌ಗಳಲ್ಲಿ ಎರಡು ತೊಡಕು ಕಂಡವರನ್ನು ಕೆಟ್ಟ ಆಪರೇಟರ್ ಎಂದು ತೀರ್ಮಾನಿಸುವುದೂ ಅವಸರವೇ. ಸಣ್ಣ ಸಂಖ್ಯೆಗಳಿಂದ ಶೇಕಡಾವಾರು ತೆಗೆಯುವ ಬದಲು ಆ ಎರಡು ಕೇಸ್‌ಗಳ ಆಂಜಿಯೋಗ್ರಾಂ ಹಾಕಿಸಿ ನೋಡುವುದು, ಯಾವ ಹೊತ್ತಿನಲ್ಲಿ ಯಾವ ನಿರ್ಧಾರ ಕೈಗೊಂಡರು ಎಂದು ಅರ್ಜಿದಾರರ ಬಾಯಿಂದಲೇ ಕೇಳುವುದು ಹೆಚ್ಚು ಪ್ರಯೋಜನಕಾರಿ. ತೊಡಕನ್ನು ಬಿಚ್ಚಿ ವಿವರಿಸಬಲ್ಲವರ ಕಡತಕ್ಕೆ, ತೊಡಕೇ ಇಲ್ಲವೆನ್ನುವ ಕಡತಕ್ಕಿಂತ ನಾನು ಹೆಚ್ಚು ಅಂಕ ಕೊಡುತ್ತೇನೆ.

ಫಲಿತಾಂಶವನ್ನು ಎಂದು ಅಳೆದರು ಎಂಬುದೂ ಮುಖ್ಯ. ರಕ್ತನಾಳ ತೆರೆದುಕೊಂಡಿತೇ ಎಂಬುದನ್ನು ಟಿಐಸಿಐ (TICI) ಶ್ರೇಣಿ ಹೇಳುತ್ತದೆ. ರೋಗಿ ಮೂರು ತಿಂಗಳ ನಂತರ ತನ್ನ ಕೆಲಸ ತಾನು ಮಾಡಿಕೊಳ್ಳುತ್ತಿದ್ದಾರೆಯೇ ಎಂಬುದನ್ನು 0ಯಿಂದ 6ರವರೆಗಿನ ಮಾಡಿಫೈಡ್ ರಾಂಕಿನ್ ಮಾಪನ ಹೇಳುತ್ತದೆ. ಮೊದಲನೆಯದನ್ನು ಮಾತ್ರ ಬರೆದುಕೊಂಡಿರುವ ಕಡತದಲ್ಲಿ ಅರ್ಧ ಕಥೆ ಇಲ್ಲ.

ಮೂಲ ಶಾಖೆ ಯಾವುದಾದರೆ ಒಳ್ಳೆಯದು?

ಈ ಪ್ರಶ್ನೆಯ ಮೇಲೆ ವಿಭಾಗಗಳ ನಡುವೆ ಜಗಳವೇ ನಡೆಯುತ್ತದೆ. ನರಶಸ್ತ್ರಚಿಕಿತ್ಸಕರಿಗೆ ಕ್ಲಿಪ್ ಮತ್ತು ಕಾಯಿಲ್ ಎರಡನ್ನೂ ತೂಗಿ ನೋಡುವ ಅನುಕೂಲವಿದೆ, ತೊಡಕಾದರೆ ಮೆದುಳಿನ ನೀರನ್ನು ಹೊರಹಾಕುವ ಡ್ರೇನ್ ಇಡುವುದೂ ಬುರುಡೆಯ ಮೂಳೆ ತೆಗೆದು ಒತ್ತಡ ಇಳಿಸುವುದೂ ಅವರಿಗೆ ಗೊತ್ತು. ರೇಡಿಯಾಲಜಿಯಿಂದ ಬಂದವರಿಗೆ ಚಿತ್ರವನ್ನು ಓದುವುದರಲ್ಲಿಯೂ ಕ್ಯಾಥೆಟರ್ ಹಿಡಿಯುವುದರಲ್ಲಿಯೂ ವಿಕಿರಣದ ಎಚ್ಚರದಲ್ಲಿಯೂ ಮೇಲುಗೈ, ಆದರೆ ವಾರ್ಡು ಮತ್ತು ಐಸಿಯುವಿನ ರೋಗಿಯನ್ನು ಬೇರೊಬ್ಬರು ನೋಡಬೇಕಾಗುತ್ತದೆ. ನ್ಯೂರಾಲಜಿಸ್ಟರು ಪಾರ್ಶ್ವವಾಯುವಿನ ರೋಗಿಯನ್ನು ಮೊದಲು ನೋಡುವವರೂ ಕೊನೆಯವರೆಗೆ ನೋಡುವವರೂ ಹೌದು. ಅವರು ಕ್ಯಾಥೆಟರ್ ಕೆಲಸವನ್ನು ಮೊದಲಿನಿಂದ ಕಲಿಯಬೇಕು. ಮೀಸಲು ತರಬೇತಿ ಸರಿಯಾಗಿ ಆಗಿದ್ದರೆ ಈ ವ್ಯತ್ಯಾಸಗಳು ಬಹುಮಟ್ಟಿಗೆ ಮಸುಕಾಗುತ್ತವೆ. ಸಮಿತಿ ಶಾಖೆಯನ್ನು ಆರಿಸುವ ಬದಲು ತನ್ನಲ್ಲಿ ಈಗಾಗಲೇ ಯಾರಿದ್ದಾರೆ ಎಂದು ನೋಡುವುದು ಒಳಿತು. ರಾತ್ರಿ ಕರೆಗೆ ಬರುವ ನರಶಸ್ತ್ರಚಿಕಿತ್ಸಕರು ಇಲ್ಲದ ಆಸ್ಪತ್ರೆ ಎಂಥ ಉತ್ತಮ ರೇಡಿಯಾಲಜಿಸ್ಟರನ್ನು ತಂದರೂ ಅನ್ಯೂರಿಸಂ ಕೆಲಸಕ್ಕೆ ಸಿದ್ಧವಾಗಿಲ್ಲ.

ಬುರುಡೆ ತೆರೆಯುವ ಕೆಲಸದ ಪ್ರತ್ಯೇಕ ಸಮಸ್ಯೆ

ಅನ್ಯೂರಿಸಂಗೆ ಕ್ಲಿಪ್ ಹಾಕುವ ಶಸ್ತ್ರಚಿಕಿತ್ಸೆ 1937ರಲ್ಲಿ ವಾಲ್ಟರ್ ಡ್ಯಾಂಡಿ ಅವರಿಂದ ಆರಂಭವಾದದ್ದು. 1990ರಲ್ಲಿ ಗುಗ್ಲಿಯೆಲ್ಮಿ ಕಾಯಿಲ್ ಮೊದಲ ಬಾರಿಗೆ ರೋಗಿಯಲ್ಲಿ ಬಳಕೆಯಾಯಿತು, 2002ರಲ್ಲಿ ಐಸ್ಯಾಟ್ ಅಧ್ಯಯನ ಪ್ರಕಟವಾಯಿತು. 2143 ರೋಗಿಗಳ ಆ ಅಧ್ಯಯನದಲ್ಲಿ, ಒಡೆದ ಅನ್ಯೂರಿಸಂಗೆ ಕಾಯಿಲ್ ಹಾಕಿಸಿಕೊಂಡವರಲ್ಲಿ ಒಂದು ವರ್ಷದ ನಂತರ ಸತ್ತವರು ಅಥವಾ ಪರಾವಲಂಬಿಗಳಾದವರು ಶೇ. 23.7, ಕ್ಲಿಪ್ ಗುಂಪಿನಲ್ಲಿ ಶೇ. 30.6. ಅಲ್ಲಿಂದೀಚೆಗೆ ಕ್ಲಿಪ್ ಕೇಸ್‌ಗಳು ಕಡಿಮೆಯಾಗುತ್ತ ಬಂದವು. ಅದರ ಪರಿಣಾಮ ಇಂದಿನ ಲಾಗ್‌ಬುಕ್‌ಗಳಲ್ಲಿದೆ: ಸರಳ ಅನ್ಯೂರಿಸಂಗಳು ಕ್ಯಾಥ್‌ಲ್ಯಾಬ್‌ಗೆ ಹೋಗುವುದರಿಂದ ಶಸ್ತ್ರಚಿಕಿತ್ಸಕರ ಪಾಲಿಗೆ ಕಠಿಣವಾದವೇ ಉಳಿಯುತ್ತವೆ, ಕಲಿಯುವವರಿಗೆ ಸುಲಭದಿಂದ ಕಠಿಣಕ್ಕೆ ಏರುವ ಮೆಟ್ಟಿಲೇ ಇಲ್ಲವಾಗಿದೆ. ಬೈಪಾಸ್‌ನ ಸ್ಥಿತಿ ಇನ್ನೂ ಕಿರಿದು. ಯಾಸರ್ಗಿಲ್ 1967ರಲ್ಲಿ ಜೂರಿಚ್‌ನಲ್ಲಿ ಮಾಡಿ ತೋರಿಸಿದ, ನೆತ್ತಿಯ ಧಮನಿಯನ್ನು ಮೆದುಳಿನ ಧಮನಿಗೆ ಹೊಲಿಯುವ ಆ ಶಸ್ತ್ರಚಿಕಿತ್ಸೆ ಇಂದು ಮುಖ್ಯವಾಗಿ ಮೆದುಳಿನ ಧಮನಿಗಳು ಕ್ರಮೇಣ ಕಿರಿದಾಗುವ ಮೊಯಾಮೊಯಾ ಕಾಯಿಲೆಗೆ ಮತ್ತು ಕೆಲವು ಸಂಕೀರ್ಣ ಅನ್ಯೂರಿಸಂಗಳಿಗೆ ಉಳಿದಿದೆ.

ಹೀಗಿರುವಾಗ ಥ್ರಾಂಬೆಕ್ಟಮಿಗೆ ಇಟ್ಟ ಸಂಖ್ಯೆಯ ಅಳತೆಯನ್ನು ಕ್ಲಿಪ್ಪಿಂಗ್‌ಗೂ ಬೈಪಾಸ್‌ಗೂ ಇಟ್ಟರೆ ಯಾರೂ ಅರ್ಹರಾಗುವುದಿಲ್ಲ. ಇಲ್ಲಿ ಸಮಿತಿ ನೋಡಬೇಕಾದದ್ದು ಶಸ್ತ್ರಚಿಕಿತ್ಸೆಯ ಮೈಕ್ರೋಸ್ಕೋಪ್ ವಿಡಿಯೊಗಳು, ಪ್ರಯೋಗಾಲಯದಲ್ಲಿ ಸಣ್ಣ ನಾಳಗಳನ್ನು ಹೊಲಿದು ಮಾಡಿದ ನಿರಂತರ ಅಭ್ಯಾಸ, ಮತ್ತು ಮೊದಲ ಕೆಲವು ಕೇಸ್‌ಗಳಲ್ಲಿ ಜೊತೆಗೆ ನಿಲ್ಲಲು ಒಪ್ಪಿದ ಹಿರಿಯರ ಲಿಖಿತ ಮಾತು. ಈ ಕೆಲಸವನ್ನು ಎಲ್ಲ ಆಸ್ಪತ್ರೆಗಳೂ ಮಾಡಬೇಕೆಂದಿಲ್ಲ. ರಾಜ್ಯದಲ್ಲಿ ಕೆಲವೇ ಕೇಂದ್ರಗಳು ಹೆಚ್ಚು ಮಾಡುವುದೇ ರೋಗಿಗೆ ಕ್ಷೇಮ ಎಂಬುದು ನನ್ನ ನಿಲುವು.

ಅನುಮತಿ ಬರೆಯುವಾಗ

ಪ್ರೊಸೀಜರ್‌ವಾರು ಪಟ್ಟಿ ಮಾಡಿ ಪ್ರತಿಯೊಂದರ ಮುಂದೆ ಸ್ವತಂತ್ರವಾಗಿ, ಮೇಲ್ವಿಚಾರಣೆಯಲ್ಲಿ, ಅನುಮತಿ ಇಲ್ಲ ಎಂಬ ಮೂರರಲ್ಲಿ ಒಂದನ್ನು ಬರೆಯಬೇಕು. ಹೊಸಬರಿಗೆ ಥ್ರಾಂಬೆಕ್ಟಮಿ ಮತ್ತು ಡಿಎಸ್‌ಎ ಸ್ವತಂತ್ರವಾಗಿ, ಒಡೆಯದ ಅನ್ಯೂರಿಸಂ ಮತ್ತು ಫ್ಲೋ ಡೈವರ್ಟರ್ (ಅನ್ಯೂರಿಸಂನೊಳಗೆ ರಕ್ತದ ಹರಿವನ್ನು ತಗ್ಗಿಸುವ ಸ್ಟೆಂಟ್) ಮೇಲ್ವಿಚಾರಣೆಯಲ್ಲಿ, ಎವಿಎಂ ಎಂಬೊಲೈಸೇಷನ್ (ಅಂಟು ಹಾಯಿಸಿ ಮುಚ್ಚುವುದು) ಸದ್ಯಕ್ಕೆ ಇಲ್ಲ ಎಂದು ಬರೆಯುವುದು ಅವಮಾನವಲ್ಲ. ಒಡೆಯದ ಅನ್ಯೂರಿಸಂಗೆ ಹೆಚ್ಚಿನ ಬಿಗಿ ಏಕೆಂದು ಕೆಲವರು ಕೇಳುತ್ತಾರೆ. ಆ ರೋಗಿ ನಡೆದುಕೊಂಡೇ ಆಸ್ಪತ್ರೆಗೆ ಬಂದವರು, ಚಿಕಿತ್ಸೆಯಿಂದಲೇ ಹಾಸಿಗೆ ಹಿಡಿಯುವ ಸಾಧ್ಯತೆ ಇರುವವರು. ಕಾಯುವುದಕ್ಕೂ ಬೇರೆ ಊರಿಗೆ ಕಳಿಸುವುದಕ್ಕೂ ಅಲ್ಲಿ ಸಮಯವಿದೆ.

ತೀರ್ಪು ಕೊಡುವವರು ಯಾರು ಎಂಬುದನ್ನು ಸಭೆಗೆ ಮೊದಲೇ ನಿರ್ಧರಿಸಬೇಕು. ಊರಿನಲ್ಲಿ ಇದೇ ಕೆಲಸ ಮಾಡುವ ಇನ್ನೊಬ್ಬರು ಒಬ್ಬರೇ ಇದ್ದರೆ ಅವರು ಅರ್ಜಿದಾರರ ಸ್ಪರ್ಧಿಯಾಗಿರುತ್ತಾರೆ, ಇಲ್ಲವೇ ಪಾಲುದಾರರಾಗಿರುತ್ತಾರೆ. ಎರಡೂ ಸಂದರ್ಭದಲ್ಲಿ ಹೊರಗಿನ ಸಂಸ್ಥೆಯ ಹಿರಿಯರೊಬ್ಬರಿಗೆ ಹತ್ತು ಕೇಸ್‌ಗಳ ಚಿತ್ರಗಳನ್ನು ಹೆಸರು ಅಳಿಸಿ ಕಳಿಸಿ ಅಭಿಪ್ರಾಯ ಪಡೆಯಬೇಕು. ಒಮ್ಮೆ ಕೊಟ್ಟ ಅನುಮತಿಗೆ ಅವಧಿ ಇರಬೇಕು, ಜೆಸಿಐ ಕ್ರಮದಲ್ಲಿ ಅದು ಮೂರು ವರ್ಷ ಮೀರುವಂತಿಲ್ಲ. ನಡುವೆ ದೀರ್ಘ ರಜೆಯೋ ಬೇರೆ ಕೆಲಸವೋ ಆಗಿ ಕೈ ಬಿಟ್ಟುಹೋಗಿದ್ದರೆ ಮರಳಿದ ಮೇಲೆ ಕೆಲವು ಕೇಸ್‌ಗಳು ಮತ್ತೆ ಮೇಲ್ವಿಚಾರಣೆಯಲ್ಲಿ ನಡೆಯಬೇಕು. ಕ್ಯಾಥ್‌ಲ್ಯಾಬ್‌ಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ (ಎಇಆರ್‌ಬಿ) ಪರವಾನಗಿ ಮತ್ತು ಸಿಬ್ಬಂದಿಗೆ ತಗುಲಿದ ವಿಕಿರಣವನ್ನು ಅಳೆಯುವ ಟಿಎಲ್‌ಡಿ ಬ್ಯಾಡ್ಜ್‌ಗಳ ವಿಷಯ ಎಲ್ಲರಿಗೂ ತಿಳಿದದ್ದೇ, ಕಡತದಲ್ಲಿ ಅದೂ ಇರಲಿ.

ಕೊನೆಯದಾಗಿ ಭೇಟಿ ವೈದ್ಯರ ವಿಷಯ. ಬೆಂಗಳೂರಿನಿಂದ ಹೊರಟು ಬೇರೆ ಜಿಲ್ಲೆಯ ಆಸ್ಪತ್ರೆಯಲ್ಲಿ ಒಂದು ಅನ್ಯೂರಿಸಂ ಮುಗಿಸಿ ಅದೇ ದಿನ ಹಿಂದಿರುಗುವವರ ಅರ್ಹತೆ ಎಷ್ಟೇ ದೊಡ್ಡದಿದ್ದರೂ, ಒಡೆದ ಅನ್ಯೂರಿಸಂನ ರೋಗಿಯಲ್ಲಿ ರಕ್ತನಾಳಗಳು ಸೆಟೆದುಕೊಳ್ಳುವ ಅಪಾಯ ಸಾಮಾನ್ಯವಾಗಿ ಅದು ಒಡೆದ ನಾಲ್ಕನೆಯ ದಿನದಿಂದ ಹದಿನಾಲ್ಕನೆಯ ದಿನದವರೆಗೆ ಇರುತ್ತದೆ. ಆದ್ದರಿಂದ ಇಂಥ ಅರ್ಜಿಯಲ್ಲಿ ಒಂದು ಹೆಚ್ಚುವರಿ ಅಂಕಣ ಇರಬೇಕು: ಆ ದಿನಗಳಲ್ಲಿ ಊರಲ್ಲೇ ಇದ್ದು ರೋಗಿಯನ್ನು ನೋಡುವ, ಬೇಕಾದರೆ ರಾತ್ರಿ ಮತ್ತೆ ಕ್ಯಾಥ್‌ಲ್ಯಾಬ್‌ಗೆ ಕರೆದೊಯ್ಯುವ ಅಥವಾ ಬೇರೆ ಕೇಂದ್ರಕ್ಕೆ ಕಳಿಸುವ ನಿರ್ಧಾರ ಮಾಡುವ ವೈದ್ಯರ ಹೆಸರು ಮತ್ತು ಅವರ ಸಹಿ. ಆ ಅಂಕಣ ಖಾಲಿಯಿದ್ದರೆ ಸಮಿತಿ ಅರ್ಜಿಯನ್ನು ಹಿಂದಿರುಗಿಸಬೇಕು.